ರಾಯಚೂರು ಕಡೆಯಿಂದ ಇಂಗ್ಲೆಂಡಿಗೆ ಬರುವವರಿಗೆ: ಮಗುವಿನ ಶಾಲೆಯ ವಿಷಯ

ವೀಸಾ ಕೈಗೆ ಬಂದ ಕೂಡಲೇ ರಾಯಚೂರು, ಸಿಂಧನೂರು, ಗಂಗಾವತಿಯ ಮನೆಗಳಲ್ಲಿ ಶುರುವಾಗುವುದು ಮಗುವಿಗೆ ಇಂಗ್ಲಿಷ್ ಕಲಿಸುವ ಗಡಿಬಿಡಿ. ಗೋಡೆಗೆ ಎಬಿಸಿಡಿ ಚಾರ್ಟ್ ಏರುತ್ತದೆ. ಮಗುವಿನೊಡನೆ ಇನ್ನು ಕನ್ನಡ ಬೇಡವೆಂದು ಅಜ್ಜಿಗೂ ತಾಕೀತು. ನಮ್ಮ ಕಡೆಯವರು ಬಂದಿಳಿಯುವುದನ್ನು ಇಲ್ಲಿದ್ದು ನೋಡುತ್ತಿರುವ ನಾನು ಹೇಳುವುದಿಷ್ಟು: ಅವಸರವೆಲ್ಲ ಶಾಲೆಯ ಅರ್ಜಿಗಿರಲಿ, ಮಗುವಿಗೆ ಬೇಡ.

ಇಂಗ್ಲೆಂಡಿನಲ್ಲಿ 4 ವರ್ಷ ತುಂಬಿದ ಮೇಲೆ ಬರುವ ಸೆಪ್ಟೆಂಬರಿನಲ್ಲಿ ಮಗು ಶಾಲೆಯ ಮೊದಲ ಮೆಟ್ಟಿಲಾದ ರಿಸೆಪ್ಷನ್ ತರಗತಿಗೆ ಸೇರುತ್ತದೆ. ಊರಿನ ಹಿರಿಯರಿಗೆ ಇದು ತೀರ ಬೇಗ ಅನಿಸುತ್ತದೆ, ನನಗೂ ಹಾಗೆಯೇ. ಆ ವರ್ಷದ ಜನವರಿ 15ರೊಳಗೆ ನೀವಿರುವ ಕಡೆಯ ಕೌನ್ಸಿಲ್‌ಗೆ, ಎಂದರೆ ಸ್ಥಳೀಯ ಆಡಳಿತಕ್ಕೆ, ಅರ್ಜಿ ಹಾಕಬೇಕು. ಯಾವ ಶಾಲೆ ಎಂಬುದು ಏಪ್ರಿಲ್ ಮಧ್ಯದಲ್ಲಿ ತಿಳಿಯುತ್ತದೆ. ಗಡುವು ದಾಟಿದ ಮೇಲೆ ಬಂದಿಳಿದರೂ ಅರ್ಜಿ ಹಾಕಬಹುದು, ಆದರೆ ಹತ್ತಿರದ ಶಾಲೆಯೇ ಸಿಕ್ಕೀತೆಂದು ನಂಬಿ ಕೂರಬೇಡಿ. 3 ವರ್ಷ ತುಂಬಿದ ಮಕ್ಕಳಿಗೆ ಮುಂದಿನ ಶಾಲಾ ಅವಧಿಯಿಂದ (ಟರ್ಮ್) ನರ್ಸರಿಯಲ್ಲಿ ವಾರಕ್ಕೆ 15 ಗಂಟೆ, ವರ್ಷದಲ್ಲಿ 38 ವಾರ ಉಚಿತ. ಕೇಳಲು ಸಂಕೋಚ ಬೇಡ.

ಇನ್ನು ಓದು. ಇಲ್ಲಿನ ಶಾಲೆಗಳು ಓದಲು ಕಲಿಸುವುದು ಫೋನಿಕ್ಸ್ ಕ್ರಮದಲ್ಲಿ: ಅಕ್ಷರದ ಹೆಸರಿಗಿಂತ ಅದರ ಸದ್ದು ಮೊದಲು. "ಸಿ-ಎ-ಟಿ" ಎಂದು ಒಪ್ಪಿಸಲು ಕಲಿತ ಮಗುವಿಗೆ ಅದರಿಂದ "ಕ್ಯಾಟ್" ಹೇಗೆ ಹುಟ್ಟಿತೆಂಬುದು ಹೊಳೆಯುವುದಿಲ್ಲ. ಆ ಕೆಲಸ ಶಿಕ್ಷಕರಿಗೆ ಬಿಡಿ. ಮನೆಯಲ್ಲಿ ಆಗಬೇಕಾದ್ದು ಕಥೆ, ಅದೂ ಕನ್ನಡದಲ್ಲಿ. ಮುಂದೇನಾಯಿತು, ಯಾಕಾಯಿತು ಎಂದು ಅಜ್ಜಿಯನ್ನು ಪೀಡಿಸುವ ಮಗು ಓದಿನ ಅರ್ಧ ದಾರಿ ಕ್ರಮಿಸಿರುತ್ತದೆ. ಭಾಷೆ ಹೆಚ್ಚಾದರೆ ಗೊಂದಲವೆಂಬ ಭಯ ರಾಯಚೂರಿನವರಿಗೆ ಯಾಕೆ? ತೀನ್ ಕಂದೀಲ್ ಕಡೆ ಸಂತೆಗೆ ಹೋದ ಮಗು ಕನ್ನಡ, ಉರ್ದು, ತೆಲುಗು ಮೂರನ್ನೂ ಒಟ್ಟಿಗೆ ಕೇಳಿಸಿಕೊಂಡು ಬಂದಿರುತ್ತದೆ.

ಆದ್ದರಿಂದ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಡಬ್ಬಿ ಒಂದು ಕಡಿಮೆಯಾದರೂ ಸರಿ, ಕನ್ನಡದ ಚಿತ್ರಪುಸ್ತಕಗಳಿರಲಿ. ಇಲ್ಲಿನ ಅಂಗಡಿಗಳಲ್ಲಿ ಅವು ಕಾಣಸಿಗುವುದು ಅಪರೂಪ. ಒಂದೆರಡು ಕಿನ್ನಾಳ ಗೊಂಬೆಗಳನ್ನೂ ತನ್ನಿ, ಕಥೆಗೆ ಪಾತ್ರಧಾರಿಗಳು ಸಿಕ್ಕಂತಾಗುತ್ತದೆ. ತಂದ ಪುಸ್ತಕ ಮುಗಿದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ. ಬಂದ ಮೊದಲ ವಾರವೇ ಊರ ಗ್ರಂಥಾಲಯದಲ್ಲಿ ಮಗುವಿನ ಹೆಸರು ಬರೆಸಿ, ಅದಕ್ಕೆ ಶುಲ್ಕವಿಲ್ಲ. ಅಲ್ಲಿಂದ ತಂದ ಇಂಗ್ಲಿಷ್ ಪುಸ್ತಕದ ಚಿತ್ರ ತೋರಿಸುತ್ತ ಕಥೆಯನ್ನು ನಿಮ್ಮ ಮಾತಿನಲ್ಲೇ ಹೇಳಿ.

ಸುತ್ತಮುತ್ತ ಕನ್ನಡ ಬಳಗವಿದ್ದರೆ ಹಬ್ಬದ ಊಟಕ್ಕಷ್ಟೇ ಹೋಗಬೇಡಿ. ನಿಮ್ಮ ಮಗುವಿನ ಶಾಲೆಗೇ ಹೋಗುವ ಮಕ್ಕಳ ತಾಯಂದಿರನ್ನು ಹುಡುಕಿ ಪರಿಚಯ ಮಾಡಿಕೊಳ್ಳಿ. ತಮ್ಮ ಮಕ್ಕಳಿಗೆ ಗಿಡ್ಡವಾದ ಸಮವಸ್ತ್ರವೂ ಶಾಲೆಯ ಒಳಸುದ್ದಿಯೂ ಬರುವುದು ಅವರಿಂದಲೇ. ಬೇಸಿಗೆ ರಜೆಯಲ್ಲಿ ಆ ಮಕ್ಕಳೊಡನೆ ಆಡಲು ಬಿಟ್ಟರೆ ಮೊದಲ ದಿನ ತರಗತಿಯಲ್ಲೋ ಅಂಗಳದಲ್ಲೋ ಒಂದು ಗುರುತಿನ ಮುಖವಿರುತ್ತದೆ.

ಕೋಟಿನ ಗುಂಡಿ ಹಾಕುವುದು, ಶೌಚಕ್ಕೆ ಒಬ್ಬರೇ ಹೋಗಿ ಬರುವುದು, ತುತ್ತು ಕೊಡಿಸಿಕೊಳ್ಳದೆ ಉಣ್ಣುವುದು ಊರಿನಲ್ಲೇ ರೂಢಿಯಾಗಲಿ. ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್‌ನಿಂದ ‘ಇಯರ್ 2’ ತರಗತಿಯವರೆಗೆ ಮಧ್ಯಾಹ್ನದ ಊಟ ಉಚಿತ. ಸಸ್ಯಾಹಾರಿಗಳೆಂದು ಬರೆದುಕೊಟ್ಟರಷ್ಟೇ ಸಾಲದು. ಇಲ್ಲಿನವರಿಗೆ ಮೊಟ್ಟೆಯೂ ಸಸ್ಯಾಹಾರವೇ. ಮೊಟ್ಟೆ ಬೇಡವಾದರೆ ಅದನ್ನು ಪ್ರತ್ಯೇಕವಾಗಿ ತಿಳಿಸಿ.