ಮಗಳು ಗೋಲಿನಲ್ಲಿ, ನಾನು ಗೆರೆಯಾಚೆ

ಕೊಡಗಿನಲ್ಲಿ ಹಾಕಿ ಆಡುವ ಮಗುವಿನ ಅಪ್ಪನಾದರೆ ಒಂದು ದೊಡ್ಡ ತೊಂದರೆ ಇದೆ. ಇಲ್ಲಿ ಆಟ ಗೊತ್ತಿಲ್ಲದವರೇ ಇಲ್ಲ. ಟೀ ಅಂಗಡಿಯಲ್ಲಿ ಕೂತವರು, ಬ್ಯಾಂಕಿನ ಸಾಲಿನಲ್ಲಿ ನಿಂತವರು, ಮದುವೆ ಮನೆಯಲ್ಲಿ ಪಂದಿ ಕರಿ ಬಡಿಸುವವರು, ಎಲ್ಲರೂ ಯಾವುದೋ ಕಾಲದಲ್ಲಿ ಸ್ಟಿಕ್ ಹಿಡಿದವರೇ. ಶಾರ್ಟ್ ಕಾರ್ನರ್, ಅಂದರೆ ನಮ್ಮ ತಪ್ಪಿಗೆ ದಂಡವಾಗಿ ಎದುರಿನವರಿಗೆ ಸಿಗುವ ಹೊಡೆತ, ಹೇಗೆ ತಡೆಯಬೇಕು ಅಂತ ಪೆಟ್ರೋಲ್ ಬಂಕಿನ ಹುಡುಗ ಕೂಡ ಹೇಳಿಕೊಡುತ್ತಾನೆ. ನಾನೂ ಅದೇ ಜಾತಿ. ಕಾಲೇಜಿನಲ್ಲಿ ಮೂರು ವರ್ಷ ಲೆಫ್ಟ್ ವಿಂಗ್ ಆಡಿದ್ದೆ. ಹಾಗಾಗಿ ಮಗಳ ವಿಷಯದಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಗೊತ್ತಿದ್ದವನ ತಪ್ಪುಗಳು.

2021ರ ಆಗಸ್ಟ್ 2, ಸೋಮವಾರ. ಟೋಕಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿದರು. ಮನೆಯಲ್ಲಿ ಎಲ್ಲರೂ ಗುರ್ಜಿತ್ ಕೌರ್ ಹೊಡೆದ ಗೋಲಿನ ಬಗ್ಗೆ ಮಾತಾಡುತ್ತಿದ್ದೆವು. ಒಂಬತ್ತು ವರ್ಷದ ಮಗಳು ಮಾತ್ರ ಗೋಲಿನಲ್ಲಿ ನಿಂತ ಸವಿತಾ ಪೂನಿಯಾ ಅವರನ್ನೇ ನೋಡುತ್ತಿದ್ದಳು. ಮಳೆ ಸ್ವಲ್ಪ ಬಿಟ್ಟ ಕೂಡಲೇ ಕಾಫಿ ಒಣಗಿಸುವ ಕಣದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟು ನಡುವೆ ನಿಂತಳು. "ಹೊಡಿ ಅಪ್ಪ" ಅಂದಳು. ನಾನು ಟೆನಿಸ್ ಬಾಲ್ ಹೊಡೆದೆ. ನಾಲ್ಕು ದಿನದಲ್ಲಿ ಮರೆಯುತ್ತಾಳೆ ಅಂದುಕೊಂಡೆ.

ಮರೆಯಲಿಲ್ಲ. ನನಗೆ ಸ್ವಲ್ಪ ಬೇಜಾರೂ ಆಯಿತು, ನಿಜ ಹೇಳಬೇಕಲ್ವಾ. ನಮ್ಮ ಕಾಲದಲ್ಲಿ ಓಡಲು ಆಗದವನನ್ನು ಗೋಲಿನಲ್ಲಿ ನಿಲ್ಲಿಸುತ್ತಿದ್ದೆವು. ಮಗಳು ಚೆನ್ನಾಗಿ ಓಡುತ್ತಾಳೆ, ಫಾರ್ವರ್ಡ್ ಆಗಲಿ ಅಂತ ಎರಡು ವರ್ಷ ಅವಳ ಹಿಂದೆ ಬಿದ್ದೆ. ಆ ಎರಡು ವರ್ಷ ದಂಡ.

ಮೊದಲು ಸಾಮಾನಿನ ಮಾತು. ಇದರಲ್ಲಿ ನಾನು ಪೆಟ್ಟು ತಿಂದೆ, ಸರಿಯಾಗಿ ಹೇಳಬೇಕೆಂದರೆ ಮಗಳು ತಿಂದಳು. ಶುರುವಿನಲ್ಲಿ ಅಣ್ಣನ ಮಗನ ಹಳೆ ಕ್ರಿಕೆಟ್ ಪ್ಯಾಡ್ ಕಟ್ಟಿ, ಕ್ಯಾನ್ವಾಸ್ ಶೂ ಹಾಕಿಸಿ ನಿಲ್ಲಿಸಿದ್ದೆ. ಹಾಕಿ ಬಾಲ್ 156ರಿಂದ 163 ಗ್ರಾಂ ತೂಗುತ್ತದೆ, ಕಲ್ಲಿನ ಹಾಗೆ ಗಟ್ಟಿ. ಕ್ರಿಕೆಟ್ ಪ್ಯಾಡ್ ಮೊಣಕಾಲನ್ನು ಕಾಯುತ್ತದೆ, ಪಾದವನ್ನಲ್ಲ. ಹಾಕಿಯಲ್ಲಿ ಬಾಲ್ ಬರುವುದೇ ಪಾದಕ್ಕೆ. ಮೂರನೇ ದಿನ ಹೆಬ್ಬೆರಳಿನ ಉಗುರು ಕಪ್ಪಾಗಿ, ವಾರದಲ್ಲಿ ಉದುರಿತು. ನನ್ನ ಅವ್ವ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಆಟ ಬಿಟ್ಟಿದ್ದ ಒಬ್ಬ ಹುಡುಗಿಯ ಮನೆಯಿಂದ ಸೆಕೆಂಡ್ ಹ್ಯಾಂಡ್ ಕಿಟ್ ತಂದೆ. ಲೆಗ್ ಗಾರ್ಡ್, ಪಾದಕ್ಕೆ ಹಾಕುವ ಕಿಕ್ಕರ್, ಎದೆಯ ಪ್ಯಾಡ್ ಹಳೆಯದಾದರೂ ನಡೆಯುತ್ತದೆ. ಫೋಮ್ ಒಡೆದಿಲ್ಲವಾ, ಬೆಲ್ಟ್ ಗಟ್ಟಿ ಇದೆಯಾ ನೋಡಿಕೊಂಡರೆ ಸಾಕು. ಹೆಲ್ಮೆಟ್ ಮತ್ತು ಗಂಟಲಿನ ಗಾರ್ಡ್ ಮಾತ್ರ ಹೊಸದೇ ತೆಗೆಯಿರಿ, ತಲೆಗೆ ಸರಿಯಾಗಿ ಕೂರಬೇಕು. "ಬೆಳೆಯುವ ಮಗು, ಒಂದು ಸೈಜ್ ದೊಡ್ಡದಿರಲಿ" ಅಂತ ಶಾಲೆಯ ಯೂನಿಫಾರ್ಮ್ ಥರ ಯೋಚಿಸಬೇಡಿ. ದೊಡ್ಡ ಲೆಗ್ ಗಾರ್ಡ್ ಹಾಕಿದ ಮಗು ಬಾತುಕೋಳಿ ಥರ ನಡೆಯುತ್ತದೆ. ಗೋಲು ಮೊದಲೇ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅದರಲ್ಲಿ ಬಾತುಕೋಳಿ ಏನು ಹಿಡಿಯುತ್ತೆ?

ಕಿಟ್ ಬಂತು. ಅದರ ಹಿಂದೆಯೇ ವಾಸನೆಯೂ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ನೀರು ಕುಡಿದ ಫೋಮ್ ಹೇಗೆ ಒಣಗುತ್ತದೆ? ಮಳೆಯಲ್ಲಿ ಊರಿನ ಮಣ್ಣಿನ ಮೈದಾನವೆಲ್ಲ ಕೆಸರಿನ ಗದ್ದೆ, ಬಾಲ್ ತೋಟದೊಳಗೆ ಹೋದರೆ ತರುವವರ ಕಾಲಿಗೆ ಜಿಗಣೆ. ಹಾಗಾಗಿ ಪ್ರಾಕ್ಟೀಸ್ ಪೊನ್ನಂಪೇಟೆಯ ಟರ್ಫ್‌ನಲ್ಲೇ, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ. ಟರ್ಫ್ ಅಂದರೂ ನೀರು ತಪ್ಪಿದ್ದಲ್ಲ, ದಿನಾ ಕಿಟ್ ಒದ್ದೆ. ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆ. ಒಂದು ಸಂಜೆ ಹಗ್ಗ ಜೋತು, ಎಡಗೈ ಗ್ಲೋವ್‌ನ ಒಂದು ಮೂಲೆ ಕರಗಿ ಹೋಯಿತು. ಆ ವರ್ಷ ಪೂರ್ತಿ ಅದೇ ಗ್ಲೋವ್‌ನಲ್ಲಿ ಆಡಿದಳು. ಈಗಿನ ಕ್ರಮ ಬೇರೆ. ಬಂದ ಕೂಡಲೇ ಬ್ಯಾಗಿನಿಂದ ಎಲ್ಲ ಹೊರಗೆ ತೆಗೆಯುವುದು, ಹಳೆ ಟವೆಲ್‌ನಿಂದ ಒತ್ತಿ ನೀರು ಹಿಂಡುವುದು, ಒಲೆಯಿಂದ ಆರಡಿ ದೂರದಲ್ಲಿ ಫ್ಯಾನ್ ಹಾಕಿ ನಿಲ್ಲಿಸುವುದು. ಶೂ ಒಳಗೆ ಪೇಪರ್ ತುರುಕುವುದು. ಈ ಕೆಲಸ ನನ್ನದು. ಅಪ್ಪನಾಗಿ ನಾನು ಹಾಕಿಗೆ ಕೊಟ್ಟ ಕೊಡುಗೆಯಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂತ ಹೆಂಡತಿ ಹೇಳುತ್ತಾಳೆ.

ಕಷ್ಟದ ತಿಂಗಳು ಮಳೆಗಾಲದ್ದಲ್ಲ, ಕಾಫಿ ಕೊಯ್ಲಿನದ್ದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆ ಹಣ್ಣು ತೂಕ ಮಾಡುವ ಹೊತ್ತಿಗೇ ಪ್ರಾಕ್ಟೀಸ್. ಆಗ ಹೆಂಡತಿ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಕಾಲ ಬಳಿ ಕಿಟ್ ಬ್ಯಾಗ್, ಹಿಂದೆ ಮಗಳು, ಮಗಳ ಬೆನ್ನಿಗೆ ಸ್ಟಿಕ್. ಗೋಣಿಕೊಪ್ಪದ ಪೇಟೆಯಲ್ಲಿ ಈ ಮೆರವಣಿಗೆ ನೋಡಿದವರು ಬಹಳ ಜನ.

ನನ್ನ ಚಿಕ್ಕಪ್ಪನ ಮಗ ಟೊರಾಂಟೊ ಹತ್ತಿರ ಇದ್ದಾನೆ. ಅವನ ಮಗ ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಭಾನುವಾರ ಫೋನ್ ಮಾಡಿದರೆ ಅವನದೂ ಇದೇ ಗೋಳು. ಬೆಳಕು ಹರಿಯುವ ಮೊದಲೇ ರಿಂಕ್‌ಗೆ ಹೋಗಬೇಕು, ಕಾರಿನ ತುಂಬ ಕಿಟ್ ವಾಸನೆ. ಅವರ ಗೋಲು ನಮ್ಮದಕ್ಕಿಂತ ಬಹಳ ಚಿಕ್ಕದು, 1.83 ಮೀಟರ್ ಅಗಲ, 1.22 ಮೀಟರ್ ಎತ್ತರ. ಪಕ್ ಅನ್ನುವ ಆ ರಬ್ಬರ್ ಬಿಲ್ಲೆಯ ತೂಕ ಮಾತ್ರ ನಮ್ಮ ಬಾಲಿನಷ್ಟೇ, ಹೆಚ್ಚೆಂದರೆ 170 ಗ್ರಾಂ. ಅವನು ಒಂದು ಮಾತು ಹೇಳಿದ: "ಗಾಡಿ ಹತ್ತಿದ ಮೇಲೆ ಆಟದ ಮಾತು ಎತ್ತಬೇಡ. ಅವಳೇ ತೆಗೆದರೆ ಕೇಳು." ನನಗೆ ನಗು ಬಂತು. ಪೊನ್ನಂಪೇಟೆಯಿಂದ ಮನೆಗೆ ಬರುವ ಆ ಅರ್ಧ ಗಂಟೆಯೇ ನನ್ನ ಪಾಠದ ಹೊತ್ತು. ಅದನ್ನೇ ಬಿಡು ಅಂದರೆ?

ಬಿಡುವಂತೆ ಮಾಡಿದ್ದು ಒಂದು ಶಾಲಾ ಪಂದ್ಯ. ಕೊನೆಯ ಕ್ವಾರ್ಟರ್, 1-1. ಎದುರಿನ ಹುಡುಗಿ ಒಬ್ಬಳೇ ಬಾಲ್ ತೆಗೆದುಕೊಂಡು ಗೋಲಿನ ಮುಂದಿನ ಡಿ ಆಕಾರದ ಗೆರೆಯೊಳಗೆ ಬರುತ್ತಿದ್ದಾಳೆ. ನಾನು ಗೆರೆಯ ಪಕ್ಕದಿಂದ "ಹೊರಗೆ ಬಾ, ಹೊರಗೆ ಬಾ" ಅಂತ ಕೂಗಿದೆ. ಕೋಚ್ "ನಿಲ್ಲು" ಅಂತ ಕೂಗಿದರು. ನನ್ನ ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ಒಬ್ಬ ಹಿರಿಯರು "ಎಡಕ್ಕೆ" ಅಂದರು. ಮಗಳು ಎರಡು ಹೆಜ್ಜೆ ಬಂದಳು, ನಿಂತಳು, ನನ್ನ ಕಡೆ ನೋಡಿದಳು. ಬಾಲ್ ಅವಳ ಬಲಗಡೆಯಿಂದ ಒಳಗೆ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. ಅಳಲಿಲ್ಲ, ರೇಗಲಿಲ್ಲ. "ಅಪ್ಪ, ನಾನು ಯಾರ ಮಾತು ಕೇಳಬೇಕು ಅಂತ ನೀನೇ ಹೇಳಿಬಿಡು. ಅಷ್ಟನ್ನೇ ಕೇಳುತ್ತೇನೆ." ನಾನು ಕಡಂಬುಟ್ಟು ಮುರಿಯುತ್ತಾ ಕೂತೆ.

ಅವತ್ತಿನಿಂದ ನಾನು ನಿಲ್ಲುವ ಜಾಗ ಬದಲಾಯಿತು. ಅವಳು ಯಾವ ಗೋಲಿನಲ್ಲಿ ಇರುತ್ತಾಳೋ ಅದರ ಎದುರಿನ ತುದಿಗೆ ಹೋಗುತ್ತೇನೆ. ಅಲ್ಲಿಂದ ಕೂಗಿದರೂ ಕೇಳಿಸುವುದಿಲ್ಲ. ಅರ್ಧ ಆಟ ಮುಗಿದು ತಂಡಗಳು ಜಾಗ ಬದಲಿಸಿದರೆ ನಾನೂ ನಡೆದು ಆಚೆ ತುದಿಗೆ ಹೋಗುತ್ತೇನೆ, ಡ್ಯೂಟಿ ಬದಲಿಸುವ ಪೊಲೀಸಿನ ಹಾಗೆ. ಬಾಯಿ ಸುಮ್ನೆ ಇರದು ಅಂತ ಕಡಲೆಕಾಯಿ ಒಂದು ಪೊಟ್ಟಣ. ಇದು ನಗುವ ವಿಷಯ ಅನ್ನಿಸಬಹುದು. ಆದರೆ ಫಾರ್ವರ್ಡ್ ಆಡುವ ಮಗು ಹತ್ತು ಸಲ ತಪ್ಪಿದರೂ ಯಾರಿಗೂ ನೆನಪಿರುವುದಿಲ್ಲ. ಕೀಪರ್ ಒಂದು ಸಲ ತಪ್ಪಿದರೆ ಬೋರ್ಡಿನ ಮೇಲೆ ಬರೆಯುತ್ತಾರೆ. ಆ ಹೊತ್ತಿನಲ್ಲಿ ಅಪ್ಪನ ಮುಖ ಹೇಗಿದೆ ಅಂತ ನೋಡುವ ಕೆಲಸವೂ ಅವಳಿಗೆ ಬೇಡ.

ಸೆಲೆಕ್ಷನ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ತಪ್ಪು ಮಾಡಿದೆ. ಮೊದಲನೆಯದು ಕಾಗದಪತ್ರದ್ದು. ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತದೆ, ಆಮೇಲೆ ಸ್ವಂತ ಹೆಸರು. ಜನನ ಪ್ರಮಾಣಪತ್ರದಲ್ಲಿ ಹಾಗೇ ಇತ್ತು. ಆಧಾರ್‌ನಲ್ಲಿ ಮನೆ ಹೆಸರು ಕೊನೆಗೆ ಹೋಗಿತ್ತು, ಒಂದು ಅಕ್ಷರವೂ ಬೇರೆ. ವಯಸ್ಸಿನ ವಿಭಾಗದ ಆಟದಲ್ಲಿ ಮೊದಲು ನೋಡುವುದೇ ಹುಟ್ಟಿದ ದಿನದ ದಾಖಲೆ. ಸಬ್ ಜೂನಿಯರ್ ಟ್ರಯಲ್ಸ್‌ಗೆ ಹತ್ತು ದಿನ ಇರುವಾಗ ಇದು ಗೊತ್ತಾಗಿ ಓಡಾಡಿದ ಓಡಾಟ ಬೇಡ. ಮಗು ಸ್ಟಿಕ್ ಹಿಡಿದ ವರ್ಷವೇ ಎಲ್ಲ ದಾಖಲೆ ಪಕ್ಕಪಕ್ಕ ಇಟ್ಟು ಓದಿ. ಮನೆ ಹೆಸರು ಇರುವವರಂತೂ ಎರಡು ಸಲ ಓದಿ.

ಎರಡನೆಯದು ನಾಚಿಕೆಯದು. ಮಗಳು ತಂಡಕ್ಕೆ ಸೇರಿದಳು, ಆದರೆ ಎರಡನೇ ಕೀಪರ್ ಆಗಿ. 18 ಜನರ ತಂಡದಲ್ಲಿ ಇಬ್ಬರು ಕೀಪರ್. ಫಾರ್ವರ್ಡ್‌ಗಳು ಆಟದ ನಡುವೆ ಹತ್ತು ಸಲ ಒಳಗೆ ಹೊರಗೆ ಹೋಗುತ್ತಾರೆ. ಎರಡನೇ ಕೀಪರ್ ಮಾತ್ರ ಪ್ಯಾಡ್ ಕಟ್ಟಿಕೊಂಡು ಬೆಂಚಿನಲ್ಲೇ ಕೂರುತ್ತಾಳೆ. ನನಗೆ ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಜೊತೆಗೆ ಆಡಿದ್ದ ಒಬ್ಬನಿಗೆ ಫೋನ್ ಮಾಡಿ, "ಒಂದು ಮಾತು ಹೇಳಿ ನೋಡು" ಅಂದೆ. ಅವನು ಹೇಳಿದನೋ ಇಲ್ಲವೋ, ವಿಷಯ ಮಾತ್ರ ಮಗಳ ಕಿವಿಗೆ ಬಿತ್ತು. ಕೊಡಗು ಚಿಕ್ಕ ಜಿಲ್ಲೆ. "ಇನ್ನು ಮುಂದೆ ನಾನು ಆಡಿದರೆ ನೀನು ಆಡಿಸಿದ್ದು ಅನ್ನುತ್ತಾರೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನಾಲ್ಕು ಪಂದ್ಯ ಬೆಂಚಿನಲ್ಲಿ ಕೂತಳು. ಐದನೆಯದರಲ್ಲಿ ತಂಡ 0-5ರಿಂದ ಸೋಲುತ್ತಿದ್ದಾಗ ಕೊನೆಯ ಕ್ವಾರ್ಟರ್‌ಗೆ ಕಳಿಸಿದರು. ಹದಿನೈದು ನಿಮಿಷ. ಒಂದು ಶಾರ್ಟ್ ಕಾರ್ನರ್ ತಡೆದಳು, ಒಂದು ಗೋಲು ಬಿಟ್ಟಳು. ಅಷ್ಟೇ. ಆದರೆ ಬೆಂಚಿನಲ್ಲಿ ಅವಳು ಸುಮ್ನೆ ಕೂತಿರಲಿಲ್ಲ. ಎದುರಾಳಿಗಳು ಕಾರ್ನರ್ ಯಾವ ಕಡೆ ಹೊಡೆಯುತ್ತಾರೆ ಅಂತ ಅಂಗೈ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ ಮೊದಲನೇ ಕೀಪರ್‌ಗೆ ತೋರಿಸುತ್ತಿದ್ದಳಂತೆ. ಇದನ್ನು ಹೇಳಿದ್ದು ಆ ಮೊದಲನೇ ಕೀಪರ್‌ನ ಅಮ್ಮ.

ಕ್ರೀಡಾ ಹಾಸ್ಟೆಲ್‌ಗೆ ಸೇರಿಸಬೇಕಾ ಅಂತ ಕೇಳುವವರು ಜಾಸ್ತಿ. ನಮ್ಮ ಜಿಲ್ಲೆಯಲ್ಲೇ ಕೂಡಿಗೆಯ ಕ್ರೀಡಾ ಶಾಲೆ ಇದೆ, ಭಾರತ ಹಾಕಿ ತಂಡಕ್ಕೆ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅಂಥವರನ್ನು ಕೊಟ್ಟ ನಾಡು ಬೇರೆ. ಹಾಗಾಗಿ ಆಸೆ ಸಹಜ. ನಾವು ಸೇರಿಸಲಿಲ್ಲ. ಮಗಳಿಗೆ ಮನೆ ಬಿಟ್ಟು ಇರಲು ಇಷ್ಟವಿಲ್ಲ, ಅಷ್ಟೇ ಕಾರಣ. ಇಷ್ಟವಿರುವ ಮಗುವಾದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ಇಷ್ಟೆಲ್ಲದರ ನಡುವೆ ಅವಳು ನಗುತ್ತಾ ಆಡಿದ್ದು ನೋಡಿದ್ದು ಹಾಕಿ ನಮ್ಮೆಯಲ್ಲಿ, ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಆಟ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ ಬಂದಿದ್ದವು. ನಮ್ಮ ಒಕ್ಕದ, ಅಂದರೆ ಮನೆತನದ, ಗೋಲಿನಲ್ಲಿ ಹನ್ನೆರಡು ವರ್ಷದ ಇವಳು. ಇವಳ ಮುಂದೆ ಫುಲ್ ಬ್ಯಾಕ್ ಆಗಿ ಅರವತ್ತು ದಾಟಿದ ನನ್ನ ದೊಡ್ಡಪ್ಪ. ಮಂಡಿಗೆ ಬೆಲ್ಟ್, ತಲೆಗೆ ಟೊಪ್ಪಿ. ಅವರು ಬಾಲ್ ಬಿಟ್ಟಾಗಲೆಲ್ಲ ಇವಳು ಹಿಂದಿನಿಂದ ಬೈಯುತ್ತಿದ್ದಳು. "ಆಯ್ತು ಮಗಳೇ, ಆಯ್ತು" ಅಂತ ಅವರು ಏದುಸಿರು ಬಿಡುತ್ತಾ ಓಡುತ್ತಿದ್ದರು. ಆ ದಿನ ನಾನೂ ಗಂಟಲು ಕಟ್ಟುವವರೆಗೆ ಕೂಗಿದೆ. ಅಲ್ಲಿ ಎಲ್ಲರೂ ಎಲ್ಲರಿಗೂ ಕೂಗುತ್ತಾರೆ, ಯಾರೂ ಯಾರದ್ದೂ ಕೇಳುವುದಿಲ್ಲ. ಮೊದಲ ಸುತ್ತಿನಲ್ಲೇ ಸೋತು, ಮರದ ಕೆಳಗೆ ಕೂತು ಊಟ ಮಾಡಿ ಬಂದೆವು.

ಕಳೆದ ತಿಂಗಳು ಒಂದು ಪಂದ್ಯ ಇತ್ತು. 3-2ರಿಂದ ಸೋತರು. ಮೂರನೇ ಗೋಲು ಅವಳ ಎಡಗಾಲಿನ ಪಕ್ಕದಲ್ಲೇ ಹೋಯಿತು. ಕಾಲು ತಡವಾಗಿ ಇಟ್ಟಳು ಅಂತ ನನಗೆ ಆಚೆ ತುದಿಯಿಂದಲೇ ಗ್ಯಾರಂಟಿ ಆಗಿತ್ತು. ಜೀಪು ಹತ್ತಿದೆವು. ಮಳೆ ಹನಿಯುತ್ತಿತ್ತು. ನಾನು ರಸ್ತೆ ನೋಡುತ್ತಾ ಓಡಿಸಿದೆ. ಗೋಣಿಕೊಪ್ಪ ದಾಟಿದ ಮೇಲೆ ಅವಳೇ ಕೇಳಿದಳು.

"ಮೂರನೇ ಗೋಲು ನೋಡಿದ್ಯಾ ಅಪ್ಪ?"

"ಇಲ್ಲ ಮಗಳೇ. ಕಡಲೆಕಾಯಿ ತರಲು ಹೋಗಿದ್ದೆ."

ಅವಳು ಹೇಳಲು ಶುರು ಮಾಡಿದಳು. ಬಾಲ್ ಹೊಡೆದದ್ದೇ ಕಾಣಲಿಲ್ಲವಂತೆ. ಅವಳದೇ ತಂಡದ ಇಬ್ಬರು ಡಿಫೆಂಡರ್‌ಗಳು ಎದುರಿಗೆ ನಿಂತಿದ್ದರು, ಸದ್ದು ಮಾತ್ರ ಕೇಳಿಸಿತು, ಸದ್ದಿನ ಮೇಲೆ ಕಾಲು ಹಾಕಿದಳು. ಮುಂದಿನ ಸಲ ಅವರನ್ನು ಮೊದಲೇ ಕೂಗಿ ಪಕ್ಕಕ್ಕೆ ಕಳಿಸಬೇಕು ಅಂದಳು. ಆಚೆ ತುದಿಯಿಂದ ನನಗೆ ಆ ಇಬ್ಬರು ಲೆಕ್ಕಕ್ಕೇ ಬಂದಿರಲಿಲ್ಲ. ನಾನು "ಹೂಂ" ಅಂದೆ.

ಮನೆಯ ಗೇಟಿನ ಹತ್ತಿರ ಬಂದಾಗ ಕೈ ಚಾಚಿದಳು.

"ಎಲ್ಲಿ ಕಡಲೆಕಾಯಿ?"