ಕೌನ್ಸಿಲ್ ಮನೆಗೆ ಅರ್ಜಿ ಹಾಕಬಹುದಾ?

ಇಂಗ್ಲೆಂಡಿಗೆ ಬಂದಿಳಿದ ವಾರದಲ್ಲೇ ಹೊಸಬರು ಸಂಘದವರನ್ನು ಕೇಳುವ ಪ್ರಶ್ನೆ ಇದು. ಕೌನ್ಸಿಲ್ ಮನೆ ಎಂದರೆ ಸ್ಥಳೀಯ ಆಡಳಿತ (ಕೌನ್ಸಿಲ್) ಕಡಿಮೆ ಬಾಡಿಗೆಗೆ ಕೊಡುವ ಮನೆ. ಪಕ್ಕದ ಕೌನ್ಸಿಲ್ ಮನೆಯವರು ನಮ್ಮ ಬಾಡಿಗೆಯ ಅರ್ಧದಷ್ಟೇ ಕೊಡ್ತಾರೆ, ನಮಗೂ ಅಂಥ ಮನೆ ಸಿಗಲ್ವಾ?

ಸಿಗುವುದಿಲ್ಲ. ನಿಮ್ಮ ಇ-ವೀಸಾ ತೆರೆದು ನೋಡಿ. ಕೆಲಸದ ವೀಸಾ, ಸ್ಟೂಡೆಂಟ್ ವೀಸಾ ಎರಡಕ್ಕೂ ‘ನೋ ಪಬ್ಲಿಕ್ ಫಂಡ್ಸ್’ ಷರತ್ತು ಇರುತ್ತದೆ, ಅಂದರೆ ಪಟ್ಟಿ ಮಾಡಿದ ಸರ್ಕಾರಿ ನೆರವುಗಳನ್ನು ಪಡೆಯುವಂತಿಲ್ಲ. ಕೌನ್ಸಿಲ್ ಮನೆಯೂ ಅದರೊಳಗೇ ಬರುತ್ತದೆ, ಮಕ್ಕಳಿಗಾಗಿ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ಟೂ ಬರುತ್ತದೆ. ಯಾರೋ ಹೇಳಿದರೆಂದು ಸುಮ್ನೆ ಅರ್ಜಿ ಹಾಕಬೇಡಿ, ಮುಂದೆ ವೀಸಾಕ್ಕೇ ತೊಂದರೆಯಾದೀತು. ಮಕ್ಕಳ ಸರ್ಕಾರಿ ಶಾಲೆ, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆ ಪಟ್ಟಿಯಲ್ಲಿಲ್ಲ, ಧೈರ್ಯವಾಗಿ ಬಳಸಿ.

ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕ ಮೇಲೆ ಅರ್ಜಿ ಹಾಕಬಹುದು. ಆದರೆ ಕ್ಯೂನಲ್ಲಿ ಆಗಲೇ 13 ಲಕ್ಷ ಕುಟುಂಬಗಳಿವೆ, ಎಷ್ಟು ವರ್ಷದಿಂದ ಅದೇ ಊರಲ್ಲಿದ್ದೀರಿ ಎಂದು ಬಹಳಷ್ಟು ಕೌನ್ಸಿಲ್‌ಗಳು ಕೇಳುತ್ತವೆ.

‘10 ವರ್ಷ ಇರಬೇಕಂತೆ’ ಎಂಬ ಮಾತು ಕೇಳಿರಬಹುದು. 2024ರ ಜನವರಿಯಲ್ಲಿ ಆಗಿನ ಕನ್ಸರ್ವೇಟಿವ್ ಸರ್ಕಾರ ಮುಂದಿಟ್ಟ ಪ್ರಸ್ತಾಪ ಅದು. ವಿದೇಶಿಯರು 10 ವರ್ಷ ಕಾನೂನುಬದ್ಧವಾಗಿ ಇಲ್ಲಿ ಇದ್ದಿರಬೇಕು, ಊರಿನ ಜೊತೆ 2 ವರ್ಷದ ನಂಟಿರಬೇಕು, ಆದಾಯಕ್ಕೂ ಮಿತಿ. ಜುಲೈನಲ್ಲಿ ಸರ್ಕಾರವೇ ಬದಲಾಯಿತು, ಅದು ಜಾರಿಗೆ ಬರಲಿಲ್ಲ.

ನಿಮಗೆ ನಿಜವಾಗಿ ಬೇಕಾದ್ದು ಖಾಸಗಿ ಬಾಡಿಗೆಯ ಹೊಸ ಕಾನೂನು, 2025ರ ರೆಂಟರ್ಸ್ ರೈಟ್ಸ್ ಆಕ್ಟ್. ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಕಾರಣ ಕೊಡದೆ ಮನೆ ಬಿಡಿಸುವಂತಿಲ್ಲ. ಒಂದು ವರ್ಷದ ಲಾಕ್-ಇನ್ ಇಲ್ಲ, ನೀವು ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಮೊದಲೆಲ್ಲ ಇಲ್ಲಿ ಸಂಬಳದ ಚರಿತ್ರೆ ಇಲ್ಲದ ನಮ್ಮಂಥವರನ್ನು ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದರು. ಈಗ ಒಂದು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ, ಅದೂ ಬಾಡಿಗೆ ಒಪ್ಪಂದಕ್ಕೆ ಸಹಿ ಆದ ಮೇಲೆ. ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಹಬ್ಬ ಅಲ್ವಾ! ಆ ಹಣವನ್ನು ಮಾಲೀಕರು 30 ದಿನದೊಳಗೆ ಮಾನ್ಯತೆ ಪಡೆದ ಸ್ಕೀಮಿನಲ್ಲಿ ಭದ್ರ ಮಾಡಿ ನಿಮಗೆ ವಿವರ ಕೊಡಬೇಕು. ಕೊಡದಿದ್ದರೆ ಕೇಳಿ, ನಾಚಿಕೆ ಬೇಡ.

ಕೀ ಸಿಕ್ಕ ದಿನ ಸೂಟ್‌ಕೇಸ್ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ನಮ್ಮ ಮೊದಲ ಮನೆಯ ಬಾತ್‌ರೂಮ್ ಮೂಲೆಯಲ್ಲಿ ಕರಿ ಬೂಷ್ಟು ಇತ್ತು. ಒರೆಸಿ ಸುಮ್ಮನಾದೆವು. ಮನೆ ಬಿಡುವಾಗ ಅದು ನಮ್ಮದೇ ತಪ್ಪು ಎಂದು ಏಜೆಂಟ್ ಡೆಪಾಸಿಟ್‌ನಲ್ಲಿ 180 ಪೌಂಡ್ ಹಿಡಿದುಕೊಂಡ. ತೋರಿಸಲು ನಮ್ಮ ಬಳಿ ಒಂದೇ ಒಂದು ಫೋಟೋ ಇರಲಿಲ್ಲ.