ಅಪ್ರಿಶಿಯೇಟ್ ಪದವನ್ನು ಸರಿಯಾಗಿ ಬಳಸುವುದು ಹೇಗೆ?

ಇಂಗ್ಲಿಷಿನಲ್ಲಿ ಇಮೇಲ್ ಬರೆಯುವಾಗ ಪ್ರತಿ ಸಲ ಥ್ಯಾಂಕ್ ಯೂ ಅಂತ ಬರೆದು ಸಾಕಾಗಿರುತ್ತೆ, ಅದಕ್ಕೇ ಅಪ್ರಿಶಿಯೇಟ್ ಹಾಕೋಣ ಅನಿಸುತ್ತೆ, ಅಲ್ವಾ? ತುಂಬಾ ಜನ ಎಡವುವುದು ಅಲ್ಲೇ. 'ಐ ಅಪ್ರಿಶಿಯೇಟ್ ಫಾರ್ ಯುವರ್ ಹೆಲ್ಪ್' ಅಂತ ಬರೆದುಬಿಡುತ್ತಾರೆ. ಇಲ್ಲಿ ಫಾರ್ ಬರುವುದಿಲ್ಲ.

ಥ್ಯಾಂಕ್ ಹೇಳುವುದು ಮನುಷ್ಯರಿಗೆ. ಯಾತಕ್ಕೆ ಅಂತ ತಿಳಿಸಲು ಆಮೇಲೆ ಫಾರ್ ಬೇಕು. ಅಪ್ರಿಶಿಯೇಟ್ ಆದಮೇಲೆ ಸಾಮಾನ್ಯವಾಗಿ ಅವರು ಮಾಡಿದ ಉಪಕಾರವೇ ನೇರವಾಗಿ ಬರುತ್ತೆ: 'ಐ ಅಪ್ರಿಶಿಯೇಟ್ ಯುವರ್ ಹೆಲ್ಪ್.' ಇದೊಂದು ಗಟ್ಟಿಯಾದರೆ ಅರ್ಧ ತಪ್ಪು ಅಲ್ಲಿಗೇ ಮುಗೀತು. 'ಐ ಅಪ್ರಿಶಿಯೇಟ್ ಯೂ' ಅಂತಲೂ ಜನ ಹೇಳುತ್ತಾರೆ, ಆಪ್ತರ ಜೊತೆ ಮಾತಾಡುವಾಗ ಅದು ಚೆಂದ, ಆದರೆ ಆಫೀಸಿನ ಪತ್ರದಲ್ಲಿ ಅವರು ಏನು ಮಾಡಿದರು ಅಂತ ಹೆಸರಿಸಿ ಬರೆಯುವುದೇ ಒಳ್ಳೆಯದು. ಮುಂದೆ ಕ್ರಿಯಾಪದ ಬಂದರೆ ಐಎನ್‌ಜಿ ರೂಪ ಹಾಕಿ: 'ಐ ಅಪ್ರಿಶಿಯೇಟ್ ಯುವರ್ ಕಮಿಂಗ್.' 'ಟು ಕಮ್' ಅಲ್ಲ.

ಏನಾದರೂ ಕೇಳಿಕೊಳ್ಳುವಾಗ ಇದರಷ್ಟು ಉಪಯೋಗದ ಪದ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. 'ಐ ವುಡ್ ಅಪ್ರಿಶಿಯೇಟ್ ಇಟ್ ಇಫ್ ಯೂ ಕುಡ್ ಸೆಂಡ್ ದ ಫೈಲ್ ಟುಡೇ.' ನಡುವೆ ಇರುವ ಆ ಪುಟ್ಟ 'ಇಟ್' ನೋಡಿ, ಅದನ್ನೇ ಎಲ್ಲರೂ ಬಿಡುವುದು. ಅರ್ಥ ಗೊತ್ತಾಗುತ್ತೆ ನಿಜ, ವಾಕ್ಯ ಮಾತ್ರ ಕುಂಟುತ್ತೆ. ಇನ್ನೊಂದು ವಿಷಯ, ಇದೇ ವಾಕ್ಯದಲ್ಲಿ ನಯವಾಗಿ ಗದರಿಸಲೂಬಹುದು: 'ಐ ವುಡ್ ಅಪ್ರಿಶಿಯೇಟ್ ಇಟ್ ಇಫ್ ಯೂ ಡಿಡಂಟ್ ಶೌಟ್.' ಅಂದರೆ ಕೂಗಾಡಬೇಡಿ ಅಂತ. ಇದನ್ನು ಯಾರಾದರೂ ನಿಮಗೆ ಹೇಳಿದರೆ ಹೊಗಳಿಕೆ ಅಂದುಕೊಳ್ಳಬೇಡಿ.

'ವೆರಿ ಅಪ್ರಿಶಿಯೇಟ್' ಅನ್ನುವುದು ತಪ್ಪು. ರಿಯಲಿ ಅಥವಾ ಗ್ರೇಟ್ಲಿ ಸೇರಿಸಿ. 'ಐ ಆಮ್ ಅಪ್ರಿಶಿಯೇಟಿಂಗ್' ಕೂಡ ಬೇಡ, ಸುಮ್ನೆ 'ಐ ಅಪ್ರಿಶಿಯೇಟ್' ಸಾಕು.

ಈಗ ಕೃತಜ್ಞತೆಗೆ ಸಂಬಂಧವೇ ಇಲ್ಲದ ಅರ್ಥಗಳು. 'ಐ ಅಪ್ರಿಶಿಯೇಟ್ ದಟ್ ಯೂ ಆರ್ ಬಿಸಿ, ಬಟ್...' ಅಂತ ಬಂದರೆ ಅದು ಥ್ಯಾಂಕ್ಸ್ ಅಲ್ಲ. ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತೆ, ಆದರೂ ಕೆಲಸ ಆಗಲೇಬೇಕು ಅಂತ ಅರ್ಥ, ಹಾಗಾಗಿ ಆ ಬಟ್ ಆದಮೇಲೆ ಬರುವುದನ್ನೇ ಗಮನವಿಟ್ಟು ಓದಿ. ಸಂಗೀತ, ಚಿತ್ರಕಲೆಯ ವಿಷಯದಲ್ಲಾದರೆ ಅದರ ಸೊಗಸು ತಿಳಿದು ಮೆಚ್ಚುವುದು ಅಂತ. ಇನ್ನು ಜಾಗದ ಬೆಲೆ ಏರಿದರೂ ಅಪ್ರಿಶಿಯೇಟ್, ಇಳಿದರೆ ಡಿಪ್ರಿಶಿಯೇಟ್. ಇದು ವಿಚಿತ್ರವೇನಲ್ಲ, ಬೆಲೆ ಅನ್ನುವ ಅರ್ಥದ ಪ್ರೀಟಿಯಮ್ ಎಂಬ ಲ್ಯಾಟಿನ್ ಪದವೇ ಇದರ ಮೂಲ. ಪ್ರೈಸ್, ಪ್ರೆಷಸ್ ಬಂದಿದ್ದೂ ಅಲ್ಲಿಂದಲೇ. ಈ ಅರ್ಥದಲ್ಲಿ ಮಾತ್ರ ಮುಂದೆ ಕರ್ಮಪದ ಬೇಕಾಗುವುದಿಲ್ಲ: 'ದ ಲ್ಯಾಂಡ್ ಹ್ಯಾಸ್ ಅಪ್ರಿಶಿಯೇಟೆಡ್.'